ಆ ಏಳು ಮಂದಿ ಎಲ್ಲಿಗೆ ಹೋದರು ಅಂತ ಮೊದಲು ಕೇಳಿ

ಪ್ರಶ್ನೆ: ಸರ್, ನಾನು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥೆ. ನಮ್ಮದು ಬೆಂಗಳೂರಿನಿಂದ ದೂರದ ಜಿಲ್ಲಾ ಕೇಂದ್ರ. 60 ಸೀಟಿದ್ದರೂ ಈ ವರ್ಷ ಸೇರಿದ್ದು 19 ಮಂದಿ. ಕಳೆದ ವರ್ಷ ಸೇರಿದ್ದ 24 ಮಂದಿಯಲ್ಲಿ 7 ಜನ ಮೊದಲ ವರ್ಷವೇ ಬಿಟ್ಟು ಹೋದರು. ಆಡಳಿತ ಮಂಡಳಿಯವರು ನಮ್ಮನ್ನೆಲ್ಲ ಪ್ರಚಾರಕ್ಕೆ ಅಂತ ಪಿಯು ಕಾಲೇಜುಗಳಿಗೆ ಕಳಿಸುತ್ತಿದ್ದಾರೆ. ವಿಭಾಗದ ಹೆಸರನ್ನು ರೊಬೊಟಿಕ್ಸ್ ಅಂತ ಬದಲಿಸೋಣ ಅನ್ನುವ ಮಾತೂ ನಡೆದಿದೆ. ಮಕ್ಕಳನ್ನು ತರುವುದು ಹೇಗೆ, ಬಂದವರನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಮೇಡಂ, ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ 7ರ ಮೇಲೆ. ಅವರು ಯಾಕೆ ಹೋದರು ಅಂತ ನೀವು ಬರೆದಿಲ್ಲ. ಬಹುಶಃ ಯಾರೂ ಕೇಳಿಲ್ಲ. ನಿಮ್ಮನ್ನು ದೂರುತ್ತಿಲ್ಲ. ಮೂವತ್ತು ವರ್ಷ ಮೆಕ್ಯಾನಿಕಲ್ ಪಾಠ ಮಾಡಿದ ನಾನು ಮೊದಲ ಹದಿನೈದು ವರ್ಷ ಯಾರನ್ನೂ ಕೇಳಿರಲಿಲ್ಲ. ಟಿಸಿ ತೆಗೆದುಕೊಂಡು ಹೋದವರ ಹೆಸರಿನ ಮೇಲೆ ಅಟೆಂಡೆನ್ಸ್ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಸುಮ್ಮನಾಗುತ್ತಿದ್ದೆ.

ಒಂದು ವರ್ಷ ವಿಭಾಗದ ಮೀಟಿಂಗಿನಲ್ಲಿ ಇದೇ ಜಗಳ ಬಂತು. 'ಮಕ್ಕಳ ಲೆವೆಲ್ಲೇ ಇಲ್ಲ, ಏನು ಮಾಡೋದು' ಅಂತ ಎಲ್ಲರ ಮಾತು. ನಾನೂ ಹಾಗೇ ಅಂದುಕೊಂಡಿದ್ದೆ. ಹಟಕ್ಕೆ ಬಿದ್ದು ಆ ವರ್ಷ ಬಿಟ್ಟು ಹೋಗಿದ್ದ ಎಂಟು ಮಂದಿಗೂ ಫೋನ್ ಮಾಡಿದೆ. ತುಂಬಾ ಬ್ಯಾಕ್ ಉಳಿಸಿಕೊಂಡು ಹೋದವರು ಮೂವರು ಮಾತ್ರ. ಇಬ್ಬರು ಬೇರೆ ಕಡೆ ಕಂಪ್ಯೂಟರ್ ಸೈನ್ಸ್ ಸೀಟು ಹಿಡಿದಿದ್ದರು. ಒಬ್ಬನಿಗೆ ತಂದೆ ತೀರಿಕೊಂಡು ಹೊಲ ನೋಡಿಕೊಳ್ಳುವ ಪಾಡು. ಒಬ್ಬನ ಸ್ಕಾಲರ್‌ಶಿಪ್ ಬರುವುದು ತಡವಾಗಿ, ಫೀ ಕಟ್ಟಲಾಗದೆ, ಆಫೀಸಿನವರ ಮುಂದೆ ನಿಲ್ಲಲು ನಾಚಿ ಊರಿಗೆ ಹೋಗಿದ್ದ. ಎಂಟನೆಯವನು ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲೇ ಕೆಲಸಕ್ಕಿದ್ದ! ಎಂ-1, ಅಂದರೆ ಮೊದಲ ಸೆಮಿಸ್ಟರಿನ ಗಣಿತ, ಅದೊಂದು ಬಿಟ್ಟರೆ ಎಲ್ಲ ಪಾಸಾಗಿದ್ದ. ಯಾಕಪ್ಪಾ ಬರಲಿಲ್ಲ ಅಂದರೆ, 'ಯಾರೂ ಕರೀಲಿಲ್ಲ ಸರ್, ನಾನೂ ಬರಲಿಲ್ಲ' ಅಂದ.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ಎಲೇನ್ ಸೆಮೋರ್, ನ್ಯಾನ್ಸಿ ಹ್ಯೂಯಿಟ್ ಎಂಬ ಇಬ್ಬರು ಸಂಶೋಧಕಿಯರು ವಿಜ್ಞಾನ, ಎಂಜಿನಿಯರಿಂಗ್ ಬಿಟ್ಟು ಹೋದವರನ್ನೂ ಉಳಿದವರನ್ನೂ ಕೂರಿಸಿ ಮಾತಾಡಿಸಿದರು. 1997ರಲ್ಲಿ ಅದು ಪ್ರಕಟವಾಯಿತು. ಬಿಟ್ಟವರು ಉಳಿದವರಿಗಿಂತ ದಡ್ಡರೇನೂ ಆಗಿರಲಿಲ್ಲ. ಬಿಟ್ಟವರ, ಉಳಿದವರ ದೂರು ಹೆಚ್ಚುಕಮ್ಮಿ ಒಂದೇ: ಪಾಠ ಸರಿಯಿಲ್ಲ, ಕೇಳುವವರಿಲ್ಲ. ಉಳಿದವರು ಹೇಗೋ ಹಲ್ಲು ಕಚ್ಚಿ ಉಳಿದಿದ್ದರು, ಅಷ್ಟೇ.

ಆಡಳಿತ ಮಂಡಳಿಗೆ ಈ ಭಾವನೆಯ ಮಾತು ಹಿಡಿಸಲಿಕ್ಕಿಲ್ಲ. ಅವರಿಗೆ ಲೆಕ್ಕ ಹೇಳಿ. ಹೋದ 7 ಮಂದಿ ಇನ್ನೂ ಮೂರು ಮೂರು ವರ್ಷ ಫೀ ಕಟ್ಟಬೇಕಿತ್ತು. ಅಂದರೆ 21 ವರ್ಷದ ಫೀ ಕೈಬಿಟ್ಟಿತು. ಎರಡನೇ ವರ್ಷದಲ್ಲಿ ಖಾಲಿಯಾದ ಜಾಗಕ್ಕೆ ಪಿಯುಸಿ ಮುಗಿಸಿದವರನ್ನು ತಂದು ಕೂರಿಸಲು ಆಗುವುದಿಲ್ಲ. ಡಿಪ್ಲೊಮಾದವರು ಬಂದರೆ ಉಂಟು, ಇಲ್ಲದಿದ್ದರೆ ಕೊನೆಯವರೆಗೂ ಖಾಲಿಯೇ. ಅತ್ತ ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ಹಾಕಿ ಹುಡುಗರನ್ನು ಕರೆಯುವುದು, ಇತ್ತ ಬಂದವರನ್ನು ಕಳೆದುಕೊಳ್ಳುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಲ್ವಾ?

ಹಾಗಾಗಿ ಉಳಿಸಿಕೊಳ್ಳುವ ಮಾತು ಮೊದಲು. ತರುವ ಮಾತು ಆಮೇಲೆ.

ಮೊದಲ ವರ್ಷದಲ್ಲಿ ಹುಡುಗರನ್ನು ಕೆಡವುವ ಕಲ್ಲು ಯಾವುದು ಅಂತ ನಿಮಗೆ ಗೊತ್ತಿದೆ. ಎಂ-1, ಎಂ-2. ಅದು ಕಷ್ಟ ಅನ್ನುವುದಕ್ಕಿಂತ, ಅದು ಯಾಕೆ ಬೇಕು ಅಂತ ಯಾರೂ ಹೇಳದೆ ಇರುವುದು ದೊಡ್ಡ ತೊಂದರೆ. ಸಿಇಟಿಗೆ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕಿ ಅಭ್ಯಾಸವಾದ ಮಕ್ಕಳು ಇಲ್ಲಿ ಬಂದು ಮೂರು ಪುಟ ಬಿಡಿಸಬೇಕು. ಎಂಜಿನಿಯರ್ ಆಗಲು ಬಂದವನಿಗೆ ಇಡೀ ಸೆಮಿಸ್ಟರ್ ಕಳೆದರೂ ಆ ಲೆಕ್ಕ ಯಾವ ಯಂತ್ರಕ್ಕೆ ಬೇಕು ಅಂತ ಕಾಣುವುದಿಲ್ಲ. 2022ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ವಿಟಿಯು ಗಣಿತವನ್ನು ಸಿಎಸ್, ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಸ್ಟ್ರೀಮುಗಳಿಗೆ ಬೇರೆ ಬೇರೆ ಮಾಡಿತು. ಒಳ್ಳೆಯ ಹೆಜ್ಜೆ. ಆದರೆ ಪಾಠ ಮಾಡುವವರು, ಬೋರ್ಡು, ನೋಟ್ಸು ಹಳೆಯದೇ ಆಗಿದ್ದರೆ ಸಬ್ಜೆಕ್ಟ್ ಕೋಡ್ ಬದಲಾದದ್ದು ಹುಡುಗನಿಗೆ ಗೊತ್ತೇ ಆಗುವುದಿಲ್ಲ.

ಅಮೆರಿಕದ ಒಹಾಯೊ ರಾಜ್ಯದಲ್ಲಿ ರೈಟ್ ಸ್ಟೇಟ್ ಅಂತ ಒಂದು ವಿಶ್ವವಿದ್ಯಾಲಯ ಇದೆ. ದೊಡ್ಡ ಹೆಸರೇನಲ್ಲ. ಅಲ್ಲಿಗೆ ಬರುವವರು ಹೆಚ್ಚಾಗಿ ಸಾಧಾರಣ ಮನೆಯ ಮಕ್ಕಳು. ಅಲ್ಲಿಯೂ ಕ್ಯಾಲ್ಕುಲಸ್ ದಾಟಲಾಗದೆ ಹುಡುಗರು ಬಿಟ್ಟು ಹೋಗುತ್ತಿದ್ದರು. ನೇಥನ್ ಕ್ಲಿಂಗ್‌ಬೀಲ್ ಎಂಬ ಮೆಕ್ಯಾನಿಕಲ್ ಪ್ರಾಧ್ಯಾಪಕರು 2004ರಲ್ಲಿ ಹೊಸ ಕೋರ್ಸ್ ಶುರು ಮಾಡಿದರು. ಮೊದಲ ವರ್ಷದ ಗಣಿತವನ್ನು ಎಂಜಿನಿಯರಿಂಗ್ ಮೇಷ್ಟ್ರುಗಳೇ, ಲ್ಯಾಬಿನ ಜೊತೆಗೆ ಕಲಿಸುವುದು. ತ್ರಿಕೋನಮಿತಿಗೆ ರೋಬೋಟಿನ ಒಂದು ತೋಳು. ಡೆರಿವೇಟಿವ್‌ಗೆ ಮೇಲೆ ಎಸೆದ ಚೆಂಡಿನ ವೇಗ. ಡಿಫರೆನ್ಷಿಯಲ್ ಈಕ್ವೇಶನ್‌ಗೆ ಸ್ಪ್ರಿಂಗು ಮತ್ತು ತೂಕ. ಇದನ್ನು ಪಾಸು ಮಾಡಿದವರು, ಪೂರ್ತಿ ಗಣಿತ ಮುಗಿಯುವವರೆಗೆ ಕಾಯದೆ ಮುಂದಿನ ಎಂಜಿನಿಯರಿಂಗ್ ವಿಷಯಗಳಿಗೆ ಹೋಗಬಹುದು. ಡಿಗ್ರಿ ಮುಗಿಸುವವರು ಜಾಸ್ತಿಯಾದರು. ಅಲ್ಲಿನ ಹತ್ತಾರು ಕಾಲೇಜುಗಳು ಅದನ್ನು ತಂದುಕೊಂಡವು.

ನೀವು ಸಿಲಬಸ್ ಬದಲಿಸುವ ಹಾಗಿಲ್ಲ, ಗೊತ್ತು. ಆದರೆ ವಾರಕ್ಕೆ ಒಂದು ಟ್ಯುಟೋರಿಯಲ್ ತಾಸು ನಿಮ್ಮ ಕೈಯಲ್ಲಿದೆ. ಅದನ್ನು ಗಣಿತ ವಿಭಾಗಕ್ಕೆ ಬಿಡದೆ ನಿಮ್ಮ ವಿಭಾಗದವರು ತೆಗೆದುಕೊಳ್ಳಿ. ಗಣಿತದವರು ಆ ವಾರ ಕರ್ವೇಚರ್ (ಗೆರೆ ಎಷ್ಟು ಬಾಗಿದೆ ಎಂಬ ಲೆಕ್ಕ) ಮಾಡಿದ್ದರೆ ನೀವು ಘಾಟಿ ರಸ್ತೆಯ ತಿರುವು ತನ್ನಿ. ಆಗುಂಬೆಯಲ್ಲಿ ಬಸ್ಸು ಯಾಕೆ ಅಷ್ಟು ನಿಧಾನ ಹೋಗಬೇಕು ಅಂತ ಲೆಕ್ಕ ಹಾಕಿಸಿ. ಮ್ಯಾಟ್ರಿಕ್ಸ್ ಬಂದರೆ ಒಂದು ಸಣ್ಣ ಟ್ರಸ್ (ಸರಳುಗಳನ್ನು ತ್ರಿಕೋನವಾಗಿ ಜೋಡಿಸಿದ ಚೌಕಟ್ಟು) ತನ್ನಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ.

ಇನ್ನೊಂದು ವಿಷಯದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಕಡೆ ಇದೇ ಮುಖ್ಯ.

ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ಅಂದರೆ ಬಾಗಿಲು ತೆರೆದು ಒಳಗೆ ಕರೆದುಕೊಂಡಿದ್ದೇವೆ. ಆಮೇಲೆ? ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹಾರುತ್ತಾಳೆ. ಎರಡು ವರ್ಷ ಬಾಯಿಪಾಠದಲ್ಲಿ ದಾಟುತ್ತಾಳೆ. ಮೂರನೇ ವರ್ಷ ಎಂಜಿನಿಯರಿಂಗ್. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. ಕ್ಲಾಸಿನಲ್ಲಿ ಡೌಟ್ ಕೇಳಬೇಕೆಂದರೆ ಇಂಗ್ಲಿಷಿನಲ್ಲೇ ಕೇಳಬೇಕು ಅಂತ ಅವಳೇ ಅಂದುಕೊಂಡಿರುತ್ತಾಳೆ. ವಾಕ್ಯ ಜೋಡಿಸುವಷ್ಟರಲ್ಲಿ ಬೆಲ್ಲು ಹೊಡೆದಿರುತ್ತದೆ.

2021ರಲ್ಲಿ ಎಐಸಿಟಿಇ (ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಮಂಡಳಿ) ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಬಿ.ಇ., ಬಿ.ಟೆಕ್ ಕಲಿಸಲು ಒಪ್ಪಿಗೆ ಕೊಟ್ಟಿತು. ಕನ್ನಡ ಮಾಧ್ಯಮದ ಸೀಟಿಗೆ ಹೆಚ್ಚು ಮಂದಿ ಬರಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ಅಪ್ಪ ಅಮ್ಮ ಕೆಲಸದ ಚಿಂತೆ ಮಾಡುತ್ತಾರೆ, ಮಾಡಲಿ ಬಿಡಿ. ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ, ಆದರೆ ಅರ್ಥ ಆಗುವುದು ಕನ್ನಡದಲ್ಲಿ ಆಗಲಿ. ಟಾರ್ಕ್ ಅಂದರೆ ಏನು ಅಂತ ಸ್ಪ್ಯಾನರಿನ ಹಿಡಿ ತೋರಿಸಿ ಕನ್ನಡದಲ್ಲಿ ಹೇಳಿ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. 'ಕನ್ನಡದಲ್ಲೇ ಕೇಳಿ' ಅಂತ ಮೊದಲ ದಿನ ನೀವೇ ಬಾಯಿಬಿಟ್ಟು ಹೇಳಬೇಕು. ನೀವು ಹೇಳದೆ ಅವರು ಕೇಳುವುದಿಲ್ಲ.

ಆದರೆ ದಯವಿಟ್ಟು ಇವರಿಗೆಂದು 'ವೀಕ್ ಸ್ಟೂಡೆಂಟ್ಸ್ ಕ್ಲಾಸ್' ಮಾತ್ರ ಮಾಡಬೇಡಿ. ಯಾಕೆ ಅನ್ನುವುದಕ್ಕೆ ಒಂದು ಹಳೆಯ ಪ್ರಸಂಗ ಹೇಳುತ್ತೇನೆ.

1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಗಣಿತದ ಸಂಶೋಧನಾ ವಿದ್ಯಾರ್ಥಿ. ಕ್ಯಾಲ್ಕುಲಸ್‌ನಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಬಹಳ ಮಂದಿ ಫೇಲಾಗುತ್ತಿದ್ದರು. ಯಾಕೆ ಅಂತ ಮೇಷ್ಟ್ರುಗಳನ್ನು ಕೇಳಿದರೆ, ಛಲ ಇಲ್ಲ, ತಳಪಾಯ ಇಲ್ಲ, ಮನೆಯಲ್ಲಿ ಬೆಂಬಲ ಇಲ್ಲ ಅಂದರು. ನಮ್ಮ ಮೀಟಿಂಗಿನ ಮಾತೇ! ಟ್ರೈಸ್‌ಮನ್ ಕಪ್ಪು ವಿದ್ಯಾರ್ಥಿಗಳು 20 ಮಂದಿ, ಚೀನಾ ಮೂಲದವರು 20 ಮಂದಿಯನ್ನು ಆರಿಸಿ ತಿಂಗಳುಗಟ್ಟಲೆ ಅವರ ಜೊತೆ ಓಡಾಡಿದರು. ಹೇಗೆ ಓದುತ್ತಾರೆ ಅಂತ ನೋಡಿದರು. ಕಪ್ಪು ಹುಡುಗರು ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನಾ ಮೂಲದವರು ಸಂಜೆ ಸೇರಿ ಊಟ ಮಾಡುತ್ತಾ ಲೆಕ್ಕ ಹೋಲಿಸುತ್ತಿದ್ದರು, ತಪ್ಪು ತಿದ್ದುತ್ತಿದ್ದರು, ಹಳೆಯ ಪ್ರಶ್ನೆಪತ್ರಿಕೆ ಹಂಚಿಕೊಳ್ಳುತ್ತಿದ್ದರು. ಒಂಟಿಯಾಗಿ ಓದುವವನಿಗೆ ಲೆಕ್ಕ ಬರದಿದ್ದರೆ ತಾನೇ ದಡ್ಡ ಅನ್ನಿಸುತ್ತದೆ. ಗುಂಪಿನಲ್ಲಿ ಓದುವವನಿಗೆ ಈ ಲೆಕ್ಕ ಯಾರಿಗೂ ಬಂದಿಲ್ಲ ಅಂತ ಗೊತ್ತಾಗುತ್ತದೆ.

ಟ್ರೈಸ್‌ಮನ್ ಆಮೇಲೆ ಮಾಡಿದ್ದೇ ಜಾಣತನ. ಸುಲಭದ ಲೆಕ್ಕ ಕೊಟ್ಟು ಎತ್ತಿ ಹಿಡಿಯುವ ಕ್ಲಾಸು ಮಾಡಲಿಲ್ಲ. 'ನೀವು ಚೆನ್ನಾಗಿ ಮಾಡಬಲ್ಲವರು, ಬನ್ನಿ' ಅಂತ ಕರೆದು ಕ್ಲಾಸಿಗಿಂತ ಕಠಿಣ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸಲು ಕೊಟ್ಟರು. ಬಂದವರ ಗ್ರೇಡು ಏರಿತು, ಗಣಿತ ಬಿಡುವವರು ಕಡಿಮೆಯಾದರು.

ನಮ್ಮಲ್ಲಿ ಇದನ್ನು ಮಾಡಿದಾಗ ಮೊದಲ ವರ್ಷ ನಾನು ಸೋತೆ. ಸಂಜೆ ನಾಲ್ಕೂವರೆಗೆ ಗುಂಪು ಅಂತ ಇಟ್ಟೆ. ಮೊದಲ ದಿನ ಹತ್ತು ಮಂದಿ, ವಾರದಲ್ಲಿ ಇಬ್ಬರು. ಹುಡುಗರ ಮೇಲೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ಹಳ್ಳಿ ಕಡೆಯ ಬಸ್ಸು ಐದು ಗಂಟೆಗೆ. ಅದು ತಪ್ಪಿದರೆ ರಾತ್ರಿ ಎಂಟೂವರೆ. ಮುಂದಿನ ಸೆಮಿಸ್ಟರ್ ಅದನ್ನು ಟೈಂಟೇಬಲ್ ಒಳಗೆ, ಬುಧವಾರ ಮಧ್ಯಾಹ್ನ ಹಾಕಿದೆವು. ಐದೈದು ಮಂದಿ ಒಂದು ಬೆಂಚು. ಹಾಸ್ಟೆಲಿನವರು, ಬಸ್ಸಿನವರು, ಊರಿನವರು ಬೆರೆತ ಗುಂಪು. ಮೂರನೇ ವರ್ಷದ ಒಬ್ಬ ಹುಡುಗನೋ ಹುಡುಗಿಯೋ ಪಕ್ಕದಲ್ಲಿ. ಮೇಷ್ಟ್ರು ಬಾಗಿಲ ಹತ್ತಿರ, ಸುಮ್ನೆ. ಅದು ನಡೆಯಿತು.

ಇನ್ನು ಯಂತ್ರ. ಮೆಕ್ಯಾನಿಕಲ್ ಸೇರಿದವನಿಗೆ ಮೊದಲ ಸೆಮಿಸ್ಟರ್‌ನಲ್ಲಿ ಯಂತ್ರ ಮುಟ್ಟುವ ಭಾಗ್ಯ ಎಷ್ಟಿದೆ ನೋಡಿ. ಮೊದಲ ವರ್ಷದ ವಿಷಯಗಳನ್ನು ಎರಡು ಸೆಮಿಸ್ಟರಿಗೆ ಹಂಚಿದ ಕೆಮಿಸ್ಟ್ರಿ ಸೈಕಲ್ಲೋ ಫಿಸಿಕ್ಸ್ ಸೈಕಲ್ಲೋ, ಯಾವುದು ಮೊದಲು ಬಂದರೂ ಅವನು ಪಿಯುಸಿಯ ಮೂರನೇ ವರ್ಷದಲ್ಲಿ ಕೂತ ಹಾಗೆ ಇರುತ್ತಾನೆ. ಗುಜರಿಯಿಂದ ಎರಡು ಹಳೆಯ ಬೈಕ್ ಎಂಜಿನ್, ಒಂದು ಹಾಳಾದ ಪಂಪ್‌ಸೆಟ್ ತನ್ನಿ. ಮೊದಲ ತಿಂಗಳಲ್ಲೇ ಬಿಚ್ಚಿಸಿ, ಮತ್ತೆ ಜೋಡಿಸಲು ಹೇಳಿ. ಸೇರಿದ ಹೊಸದರಲ್ಲಿ ಮೂರು ವಾರ ಇಂಡಕ್ಷನ್ (ಹೊಸಬರಿಗೆ ಪರಿಚಯ ಕಾರ್ಯಕ್ರಮ) ನಡೆಸಬೇಕು ಅಂತ ಎಐಸಿಟಿಇ ಹೇಳುತ್ತದೆ. ಎಷ್ಟೋ ಕಡೆ ಅದು ಗಣ್ಯರ ಭಾಷಣಗಳಲ್ಲೇ ಕಳೆಯುತ್ತದೆ. ಒಂದು ಭಾಷಣ ಬಿಟ್ಟರೆ ಒಂದು ಎಂಜಿನ್ ಬಿಚ್ಚಬಹುದು.

ಎಂಜಿನ್ ಬಿಚ್ಚಿಸುವಾಗ ಒಂದು ಎಚ್ಚರ. ಮನೆಯಲ್ಲಿ ಗ್ಯಾರೇಜ್ ಇರುವ ಹುಡುಗ ಸ್ಪ್ಯಾನರ್ ಕಿತ್ತುಕೊಳ್ಳುತ್ತಾನೆ. ಹುಡುಗಿಯರು ಕೈಕಟ್ಟಿ ನೋಡುತ್ತಾ ನಿಲ್ಲುತ್ತಾರೆ. ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜಿನಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲೂ ಹೀಗೇ ಆಗುತ್ತಿತ್ತು. ಮೊದಲೇ ಕೋಡಿಂಗ್ ಬರುವ ಹುಡುಗರದ್ದೇ ಮಾತು. 2006ರ ನಂತರ, ಮರಿಯಾ ಕ್ಲಾವೆ ಅಧ್ಯಕ್ಷರಾಗಿದ್ದ ಕಾಲದಲ್ಲಿ, ಮೊದಲೇ ಬರುವವರಿಗೆ ಒಂದು ಕ್ಲಾಸು, ಹೊಸಬರಿಗೆ ಇನ್ನೊಂದು ಅಂತ ಬೇರೆ ಮಾಡಿದರು. ಇನ್ನೂ ಕೆಲವು ಬದಲಾವಣೆ ತಂದರು. ಕೆಲವೇ ವರ್ಷಗಳಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸುವವರಲ್ಲಿ ಹುಡುಗಿಯರು ಶೇ 10ರ ಆಸುಪಾಸಿನಿಂದ ಶೇ 40ರವರೆಗೆ ಬಂದರು. ನೀವೂ ಬೆಂಚು ಹಂಚುವಾಗ ಹೊಸಬರನ್ನು ಹೊಸಬರ ಜೊತೆ ಹಾಕಿ. ಹಾಗೆಯೇ ವರ್ಕ್‌ಶಾಪ್ ಕಟ್ಟಡದಲ್ಲಿ ಹೆಣ್ಣುಮಕ್ಕಳ ಶೌಚಾಲಯ ಇದೆಯಾ ನೋಡಿ. ನಮ್ಮಲ್ಲಿ ಇರಲಿಲ್ಲ. ಹನ್ನೆರಡು ವರ್ಷ ಯಾವ ಗಂಡಸಿಗೂ ಅದು ಹೊಳೆದಿರಲಿಲ್ಲ, ನನಗೂ ಸೇರಿಸಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್‌ನಲ್ಲಿ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಇದೆ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ಅಂಗವಿಕಲ ಮಕ್ಕಳಿಗೆ ಸಕ್ಷಮ್ ಇದೆ. ಕಡಿಮೆ ಆದಾಯದ ಮನೆಯ ಮಕ್ಕಳಿಗೆಂದು ಇರುವ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟಿನಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ. ಅರ್ಜಿ ಹಾಕುವ ದಿನ ದಾಟಿದ ಮೇಲೆ ಗೊತ್ತಾಗುವವರೇ ಹೆಚ್ಚು. ವಿಭಾಗದ ಒಬ್ಬರಿಗೆ ಇದನ್ನೇ ಕೆಲಸವಾಗಿ ಕೊಡಿ. ಎಸ್‌ಎಸ್‌ಪಿ (ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್) ಹಣ ಬರುವುದು ತಡವಾದರೆ ಆ ಮಗುವಿನ ಹಾಲ್ ಟಿಕೆಟ್ ಹಿಡಿಯಬೇಡಿ ಅಂತ ಪ್ರಿನ್ಸಿಪಾಲರ ಹತ್ತಿರ ಜಗಳವಾಡಿಯಾದರೂ ಒಪ್ಪಿಸಿ.

ಈಗ ತರುವ ಮಾತಿಗೆ ಬರುತ್ತೇನೆ.

ದ್ವಿತೀಯ ಪಿಯುಸಿ ಮಕ್ಕಳ ಮುಂದೆ ಮಾರ್ಚ್ ಏಪ್ರಿಲ್‌ನಲ್ಲಿ ನೀವು ಪಿಪಿಟಿ ತೋರಿಸುವ ಹೊತ್ತಿಗೆ ಮನೆಯಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಸಿಎಸ್, ಸಿಗದಿದ್ದರೆ ಐಎಸ್ (ಇನ್ಫರ್ಮೇಶನ್ ಸೈನ್ಸ್), ಅದೂ ಸಿಗದಿದ್ದರೆ ಎಐ ಅಂತ ಏನಾದರೂ. ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಒಂದು ಬ್ರ್ಯಾಂಚಿಗೆ ಇಂತಿಷ್ಟೇ ಸೀಟು ಎಂಬ ಮಿತಿಯನ್ನು 2024-25ರಿಂದ ಎಐಸಿಟಿಇ ತೆಗೆದುಹಾಕಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೀಟು ಹೆಚ್ಚಾದ ಹಾಗೆಲ್ಲ ನಿಮ್ಮ ಹತ್ತಿರ ಬರಬಹುದಾಗಿದ್ದ ಹುಡುಗರು ಅತ್ತ ಹೋಗುತ್ತಾರೆ. ಅವರ ಹಿಂದೆ ಓಡಿ ಪ್ರಯೋಜನವಿಲ್ಲ.

ನಿಮ್ಮ ಹುಡುಗರು ಇರುವುದು ಡಿಪ್ಲೊಮಾ ಕಾಲೇಜುಗಳಲ್ಲಿ. ಅವರು ಮೂರು ವರ್ಷ ಮೆಕ್ಯಾನಿಕಲ್ ಓದಿ, ಇಷ್ಟವಾಗಿಯೇ ಮುಂದೆ ಬರುವವರು. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಬರುತ್ತಾರೆ. ಮೊದಲ ವರ್ಷದಲ್ಲಿ ಖಾಲಿಯಾದ ಜಾಗವೂ ತುಂಬುತ್ತದೆ. ಲೇತ್ ಮೇಲೆ ಅವರ ಕೈ ನಿಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್‌ಗಿಂತ ಚೆನ್ನಾಗಿ ಓಡುತ್ತದೆ. ಎಡವುವುದು ಗಣಿತದಲ್ಲಿ. ಅದಕ್ಕೆಂದೇ ವಿಟಿಯು ಅವರಿಗೆ ಡಿಪ್ಲೊಮಾ ಮ್ಯಾಥ್ಸ್ ಇಟ್ಟಿದೆ, ಆದರೆ ಎಷ್ಟೋ ಕಡೆ ಅದು ಶನಿವಾರದ ಕೊನೆಯ ಪೀರಿಯಡ್. ಸೆಮಿಸ್ಟರ್ ಶುರುವಾಗುವ ಮೊದಲು ಹತ್ತು ದಿನ ಕೂರಿಸಿ ಪಿಯುಸಿಯ ಡಿಫರೆನ್ಷಿಯೇಶನ್, ಇಂಟಿಗ್ರೇಶನ್ ಮಾಡಿಸಿ. ಬುಧವಾರದ ಗುಂಪುಗಳಿಗೂ ಅವರನ್ನು ಸೇರಿಸಿ. ಎಂಜಿನ್ ಬಿಚ್ಚುವುದನ್ನು ಅವರು ಕಲಿಸಲಿ, ಲೆಕ್ಕವನ್ನು ಉಳಿದವರು ಕಲಿಸಲಿ.

ಇನ್ನೊಂದು ಜಾಗ ಹೈಸ್ಕೂಲು. ಫಲ ಸಿಗಲು ನಾಲ್ಕು ವರ್ಷ ಬೇಕು, ಆಡಳಿತ ಮಂಡಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಆದರೂ ದಸರಾ ರಜೆಗೆ ಊರಿಗೆ ಹೋಗುವ ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಿ. ರಜೆ ಮುಗಿದು ಶಾಲೆ ತೆರೆದ ಮೊದಲ ದಿನ, ತಾನು ಓದಿದ ಶಾಲೆಗೆ ಹೋಗಿ ತಾನು ಮಾಡಿದ ಒಂದು ಸಾಮಾನು ತೋರಿಸಿ, ಒಂಬತ್ತನೇ ಕ್ಲಾಸಿನವರ ಜೊತೆ ಅರ್ಧ ತಾಸು ಮಾತಾಡಿ ಬರುವುದು. 'ನಮ್ಮೂರ ಹುಡುಗ' ಹೇಳಿದ ಮಾತಿನ ಮುಂದೆ ನಿಮ್ಮ ಫ್ಲೆಕ್ಸು ಏನೂ ಅಲ್ಲ. ಖುಷಿಯಾಗಿ ಓದುತ್ತಿರುವವನು ಮಾತ್ರ ಚೆನ್ನಾಗಿ ಮಾತಾಡುತ್ತಾನೆ ಅನ್ನುವುದನ್ನು ಮಾತ್ರ ಮರೆಯಬೇಡಿ.

ತಂದೆತಾಯಿ ಕೇಳುವುದು ಒಂದೇ, 'ಓದಿದ ಮೇಲೆ ಕೆಲಸ ಸಿಗುತ್ತಾ?' ಶೇ 100 ಪ್ಲೇಸ್‌ಮೆಂಟ್ ಅಂತ ಹೇಳಬೇಡಿ. ಅವರೂ ನಂಬುವುದಿಲ್ಲ. ಐದು ವರ್ಷದಿಂದ ಈಚೆ ನಿಮ್ಮಲ್ಲಿ ಪಾಸಾದವರು ಎಲ್ಲಿದ್ದಾರೆ, ಸೇರುವಾಗ ಸಂಬಳ ಎಷ್ಟಿತ್ತು, ಎಷ್ಟು ಮಂದಿ ಸಾಫ್ಟ್‌ವೇರ್‌ಗೆ ಹೋದರು, ಎಷ್ಟು ಮಂದಿ ಇನ್ನೂ ಹುಡುಕುತ್ತಿದ್ದಾರೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಕೊಡಿ. ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ನಿಮ್ಮ ಹುಡುಗರು ಇದ್ದೇ ಇರುತ್ತಾರೆ. ಮೊದಲ ಸಂಬಳ ಚಿಕ್ಕದು, ಅದನ್ನೂ ಹೇಳಿ. ಐದನೇ ವರ್ಷ ಎಷ್ಟಾಗಿದೆ ಅಂತಲೂ ಹೇಳಿ.

ಕೊನೆಗೆ, ಹೆಸರು ಬದಲಿಸುವ ಮಾತು. ರೊಬೊಟಿಕ್ಸ್ ಲ್ಯಾಬ್ ಇದೆಯಾ, ಪಿಎಲ್‌ಸಿ (ಕಾರ್ಖಾನೆಯ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಕಲಿಸುವವರು ಇದ್ದಾರಾ, ಎಲೆಕ್ಟ್ರಾನಿಕ್ಸ್ ವಿಭಾಗದವರು ಜೊತೆ ಸೇರುತ್ತಾರಾ? ಇದ್ದರೆ ಧಾರಾಳವಾಗಿ ಬದಲಿಸಿ, ಅದು ಒಳ್ಳೆಯ ಕೋರ್ಸೇ. ಇಲ್ಲದಿದ್ದರೆ ಬೇಡ. ಮೊದಲ ವರ್ಷ 40 ಮಂದಿ ಬರುತ್ತಾರೆ. ರೋಬೋಟ್ ಎಲ್ಲಿ ಅಂತ ಕೇಳುತ್ತಾರೆ. ಮುಂದಿನ ವರ್ಷ ನೀವು ನನಗೆ ಬರೆಯುವ ಪತ್ರದಲ್ಲಿ 7ರ ಜಾಗದಲ್ಲಿ 20 ಇರುತ್ತದೆ. ಅದಕ್ಕಿಂತ ಈ ಭಾನುವಾರ ಬೆಳಿಗ್ಗೆ ಆ ಏಳು ಮಂದಿಗೆ ಫೋನ್ ಮಾಡಿ. ವಿಟಿಯು ನಿಯಮ ನೋಡಿ, ಅವರಲ್ಲಿ ಮತ್ತೆ ಸೇರಿಕೊಳ್ಳಲು ಬರುವವರು ಇಬ್ಬರಾದರೂ ಇರಬಹುದು. ಆಫೀಸಿನಲ್ಲಿರುವ ನಂಬರು ಹೆಚ್ಚಾಗಿ ತಂದೆಯದ್ದಾಗಿರುತ್ತದೆ. ಹತ್ತು ಗಂಟೆಯೊಳಗೆ ಮಾಡಿ, ಆಮೇಲೆ ಅವರು ತೋಟಕ್ಕೋ ಸಂತೆಗೋ ಹೋಗಿರುತ್ತಾರೆ.